ಟಿಪ್ಪುವಿನ ಪಿಸ್ತೂಲಿಗೆ ನಾನೇಕೆ ಸಹಿ ಹಾಕುವುದಿಲ್ಲ

ಮನೆಯಲ್ಲಿ ಹಳೆಯ ವಸ್ತುವೊಂದಿದ್ದರೆ ಅದಕ್ಕೊಬ್ಬ ರಾಜ ಇರಲೇಬೇಕು ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಕಂಚಿನ ತಂಬಿಗೆಯಾದರೆ ಅರಮನೆಯದ್ದು, ಕತ್ತಿಯಾದರೆ ಪಾಳೇಗಾರನದ್ದು, ಮೈಸೂರು ಸೀಮೆಯ ಪಿಸ್ತೂಲಾದರೆ ಕಣ್ಣುಮುಚ್ಚಿ ಟಿಪ್ಪುವಿನದ್ದು. ನಮ್ಮ ಮನೆಯಲ್ಲೂ ಐದಾರು ತಲೆಮಾರು ದಾಟಿ ಬಂದ ಅಂಥದ್ದೊಂದಿದೆ. ದೊಡ್ಡಪ್ಪ ಅದನ್ನು ಮಾರಬೇಕೆಂದಿದ್ದಾರೆ. ಬೆಲೆ ಕಟ್ಟಲು ಬಂದಾತ, ಟಿಪ್ಪು ಸೈನ್ಯದ್ದು ಎಂದು ವಿದ್ವಾಂಸರು ಯಾರಾದರೂ ಬರೆದುಕೊಟ್ಟರೆ ಲೆಕ್ಕವೇ ಬೇರೆ ಎಂದನಂತೆ. "ನೀನು ಹೇಗೂ ಪಿಎಚ್.ಡಿ. ಮಾಡ್ತಿದ್ದೀಯಲ್ಲ, ಎರಡು ಪುಟ ಇಂಗ್ಲಿಷಲ್ಲಿ ಬರೆದುಕೊಡು" ಎಂದರು ದೊಡ್ಡಪ್ಪ. ಬರೆದುಕೊಡುವುದಿಲ್ಲ ಎಂದೆ. ಅಂದಿನಿಂದ ಮನೆಯಲ್ಲಿ ನಾನು ಅತಿ ಓದಿ ಕೆಟ್ಟವರ ಸಾಲಿಗೆ ಸೇರಿದ್ದೇನೆ.

ಮೊದಲು ಪಿಸ್ತೂಲು ತಾನೇ ಹೇಳುವುದನ್ನು ಕೇಳೋಣ. ಸುಮಾರು 9 ಇಂಚಿನ ನಳಿಗೆ, ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವ ಕುದುರೆ, ಮದ್ದು ಇಡಿಯುವ ಗಜ ಕಳೆದುಹೋಗದಂತೆ ಕೊಂಡಿ ಹಾಕಿ ನಳಿಗೆಗೇ ಜೋಡಿಸಿದ್ದಾರೆ. ಕುದುರೆಯ ಮೇಲೆ ಕೂತವನಿಗೆ ಕೈಜಾರಿದ ಗಜವನ್ನು ಇಳಿದು ಹುಡುಕಲು ಪುರಸೊತ್ತಿರುವುದಿಲ್ಲ. ಇದು ಸವಾರನ ಪಿಸ್ತೂಲು. ಕುದುರೆ ಕೂರಿಸಿದ ಕಬ್ಬಿಣದ ಪಟ್ಟಿಯ ಮೇಲೆ ಹಿಂಗಾಲಲ್ಲಿ ನಿಂತು ಮುಂಗಾಲುಗಳಲ್ಲಿ ಕಿರೀಟ ಹಿಡಿದ ಸಿಂಹವಿದೆ. ಮನೆಯವರು ಇದನ್ನೇ ಟಿಪ್ಪುವಿನ ಹುಲಿ ಎನ್ನುತ್ತಾರೆ. ಅದು ಹುಲಿಯಲ್ಲ, ಈಸ್ಟ್ ಇಂಡಿಯಾ ಕಂಪನಿಯ ಸಿಂಹ. ಕಂಪನಿ ತನ್ನ ಬಂದೂಕುಗಳ ಮೇಲೆ ಮೊದಲು ಹಾಕುತ್ತಿದ್ದದ್ದು ಹೃದಯದಾಕಾರದ ಮುದ್ರೆ. ಸಿಂಹ ಬಂದದ್ದು 1808ರ ಸುಮಾರಿಗೆ. ಟಿಪ್ಪು ಸತ್ತದ್ದು 1799ರ ಮೇ 4ರಂದು. ಪಟ್ಟಿಯನ್ನು ಆಮೇಲೆ ಬದಲಿಸಿರಬಹುದಲ್ಲ ಎಂದು ಕೇಳಬಹುದು, ಕೇಳಲೇಬೇಕು. ಬದಲಿಸಿದ್ದರೆ ಮರದಲ್ಲಿ ಸಂದು ಕಾಣುತ್ತಿತ್ತು, ತಿರುಪಿನ ಹಳೆಯ ತೂತು ಮುಚ್ಚಿದ ಗುರುತಿರುತ್ತಿತ್ತು. ಎರಡೂ ಇಲ್ಲ. ಸಿಂಹದ ಗೆರೆಗಳೂ ಸುತ್ತಲಿನ ಕಬ್ಬಿಣದಷ್ಟೇ ಸವೆದಿವೆ. ಪ್ರವಾಸಿಗರಿಗೆಂದು ಮಾಡಿದ ನಕಲಿಗಳಲ್ಲಿ ಕಬ್ಬಿಣ ತುಕ್ಕು ತಿಂದಿದ್ದರೂ ಅಕ್ಷರ ಮಾತ್ರ ನಿನ್ನೆ ಕೆತ್ತಿದಂತಿರುತ್ತದೆ. ಹಾಗಾಗಿ ವಸ್ತು ಅಸಲಿಯೇ, ಸುಳ್ಳಾಗಿರುವುದು ಅದರ ಕತೆ ಮಾತ್ರ.

(ಪ್ರತಿ ಆಯುಧಪೂಜೆಗೆ ಇದರ ಹಿತ್ತಾಳೆಗೆ ಹುಣಸೆಹಣ್ಣು, ಕಬ್ಬಿಣಕ್ಕೆ ಇಟ್ಟಿಗೆಪುಡಿ ಹಾಕಿ ಉಜ್ಜಿದ್ದಾರೆ. ಇನ್ನು ಇಪ್ಪತ್ತು ಹಬ್ಬ ಕಳೆದರೆ ಸಿಂಹವೂ ಅಳಿಸಿಹೋಗಿ ದೊಡ್ಡಪ್ಪನ ಕೆಲಸ ಹಗುರಾಗುತ್ತಿತ್ತು. ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥದ್ದಿದ್ದರೆ ದಯವಿಟ್ಟು ಉಜ್ಜಬೇಡಿ, ಕುಂಕುಮ ಇಟ್ಟು ಕೈಮುಗಿದರೆ ಸಾಕು.)

ಟಿಪ್ಪುವಿನ ಕಾರ್ಖಾನೆಯ ಆಯುಧಗಳಿಗೆ ತಮ್ಮದೇ ಲಕ್ಷಣಗಳಿವೆ: ಹುಲಿಪಟ್ಟೆಯ ಅಲಂಕಾರ, ಪಟ್ಟಣದಲ್ಲಿ ಮಾಡಿದ್ದೆಂಬ ಬರಹ, ಮೌಲೂದಿ ಶಕೆಯ ವರ್ಷ. 2023ರ ಮೇನಲ್ಲಿ ಲಂಡನ್ನಿನಲ್ಲಿ 1.4 ಕೋಟಿ ಪೌಂಡಿಗೆ ಹರಾಜಾದ ಅವನ ಶಯನಗೃಹದ ಖಡ್ಗಕ್ಕೆ ಅಲಗಿನ ಮೇಲಿನ ಬರಹದ ಜೊತೆಗೆ ಶ್ರೀರಂಗಪಟ್ಟಣದ ದಾಳಿಯನ್ನು ಮುನ್ನಡೆಸಿದ ಡೇವಿಡ್ ಬೈರ್ಡ್‌ಗೆ ಅದು ಸೇರಿದ ದಾಖಲೆಯೂ ಇತ್ತು. ಆ ಸುದ್ದಿ ಬಂದ ಮೇಲೆ ಅಟ್ಟದ ಮೇಲಿನ ಪ್ರತಿ ತುಕ್ಕು ಕಬ್ಬಿಣಕ್ಕೂ ಸುಲ್ತಾನನ ವಂಶಾವಳಿ ಹುಟ್ಟಿಕೊಳ್ಳುತ್ತಿದೆ. ಕಾನೂನಿಗೆ ಈ ಹಂಬಲವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಇದು ಗುಂಡು ಹಾರಿಸಬಲ್ಲದೋ, ರಿಪೇರಿ ಮಾಡಿದರೂ ಹಾರಿಸಲಾಗದ್ದೋ ಎಂದು ನೋಡುತ್ತದೆ. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದೆಯೇ ಎಂದು ಕೇಳುತ್ತದೆ. ದಾಟಿದ್ದರೆ ವ್ಯಾಪಾರಿಗೆ ಪರವಾನಗಿ ಬೇಕು, ದೇಶದ ಹೊರಗೆ ಸಾಗಿಸುವಂತಿಲ್ಲ. ಯಾರ ಸೊಂಟದಲ್ಲಿತ್ತು ಎಂದು ಕೇಳುವುದು ಮಾರುಕಟ್ಟೆ ಮಾತ್ರ.

ನನಗೆ ಸಿಟ್ಟು ಬಂದದ್ದು ದೊಡ್ಡಪ್ಪನ ಮೇಲಲ್ಲ, ಅವರಿಗೆ ದುಡ್ಡಿನ ಅಗತ್ಯವಿದೆ. ಸಿಟ್ಟು ಬಂದದ್ದು ನನ್ನ ಓರಗೆಯ ಸಂಶೋಧಕರ ಮೇಲೆ. "ಕತೆ ನಿಜವೋ ಸುಳ್ಳೋ ಯಾಕೆ ಬೇಕು, ಅದೊಂದು ಮೌಖಿಕ ಇತಿಹಾಸ, ಸಮುದಾಯದ ನೆನಪು" ಎಂದರು ಇಬ್ಬರು ಗೆಳೆಯರು. ಕೇಳಲು ಉದಾರವಾದ ಮಾತು. ಆದರೆ ಮೌಖಿಕ ಇತಿಹಾಸ ಎಂದರೆ ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದಲ್ಲ. ಯಾರು, ಯಾವಾಗ, ಏಕೆ ಹೇಳಿದರು ಎಂದು ಕೇಳುವುದು. ಗಂಗರ ಎಷ್ಟೋ ತಾಮ್ರಪಟಗಳನ್ನು ಫ್ಲೀಟ್ ಕೂಟಶಾಸನ ಎಂದರು. ರೈಸ್ ಒಪ್ಪಲಿಲ್ಲ, ಜಗಳ ವರ್ಷಗಟ್ಟಲೆ ನಡೆಯಿತು. ಕೂಟವೆಂದು ತೀರ್ಮಾನವಾದ ಪಟವನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಅದರ ಲಿಪಿ ಯಾವ ಕಾಲದ್ದು, ಅದರಿಂದ ಯಾರಿಗೆ ಭೂಮಿ ದಕ್ಕಿತು ಎಂದು ಓದುತ್ತಾರೆ. ಟಿಪ್ಪುವಿನ ಕತೆಯನ್ನೂ ಹಾಗೆ ಓದುವುದಾದರೆ ನನ್ನ ತಕರಾರಿಲ್ಲ. ಓದಿದರೆ ಏನು ಸಿಗುತ್ತದೆ ಎಂಬುದಕ್ಕೇ ಮನೆಯವರು ಹೆದರುತ್ತಿದ್ದಾರೆ.

ಏಕೆಂದರೆ ಇನ್ನೊಂದು ಪಾಠಾಂತರವಿದೆ. ಅಜ್ಜನ ತಂಗಿ, ನಾವು ಸಣ್ಣಜ್ಜಿ ಎನ್ನುವವರು, ತಮ್ಮ ಅಜ್ಜಿಯಿಂದ ಕೇಳಿದ್ದು: ಧಾತು ಬರದಲ್ಲಿ ಯಾರೋ ಒಬ್ಬರು ಒಂದು ಪಲ್ಲ ರಾಗಿಗೆ ಇದನ್ನು ನಮ್ಮಲ್ಲಿ ಅಡವಿಟ್ಟು ಹೋದರು, ಬಿಡಿಸಿಕೊಳ್ಳಲು ಯಾರೂ ಬರಲಿಲ್ಲ. ಇದನ್ನು ಮನೆಯಲ್ಲಿ ಯಾರೂ ಎರಡನೆಯ ಸಲ ಹೇಳುವುದಿಲ್ಲ. ಪ್ರತಿಗಳನ್ನು ಹೋಲಿಸುವಾಗ ಸುಲಭ ಪಾಠಕ್ಕಿಂತ ಕಠಿಣ ಪಾಠಕ್ಕೆ ಹೆಚ್ಚು ತೂಕ ಕೊಡಿ ಎಂದು ಗ್ರಂಥ ಸಂಪಾದನೆಯ ಮೊದಲ ತರಗತಿಗಳಲ್ಲೇ ಕಲಿಸುತ್ತಾರೆ. ಕಠಿಣವಾದದ್ದನ್ನು ಸುಲಭ ಮಾಡುವವರು ಸಿಗುತ್ತಾರೆ, ಸುಲಭವಾದದ್ದನ್ನು ಸುಮ್ಮನೆ ಕಠಿಣ ಮಾಡುವವರು ಅಪರೂಪ. ಹಸಿದವನ ಪಿಸ್ತೂಲನ್ನು ರಾಗಿಗೆ ಬದಲಾಗಿ ಇಟ್ಟುಕೊಂಡೆವು ಎಂದು ಯಾವ ಮನೆತನ ಸುಮ್ಮನೆ ಕಟ್ಟಿಕೊಂಡೀತು? ಇಷ್ಟರಿಂದಲೇ ಅದು ರುಜುವಾತಾಗುವುದಿಲ್ಲ. ಆದರೆ ಸಿಂಹ ಅದನ್ನು ಅಲ್ಲಗಳೆಯುವುದಿಲ್ಲ, ಟಿಪ್ಪುವನ್ನು ಅಲ್ಲಗಳೆಯುತ್ತದೆ.

1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಗೆ ಇಳಿದಿತ್ತು. ನಡುವೆ ಇದ್ದದ್ದು ಆ ಬರ. ಅಡವಿಟ್ಟವರು ತಿರುಗಿ ಬಾರದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಅವರೋ ಅವರ ಹಿರಿಯರೋ ಕಂಪನಿಯ ಕುದುರೆ ಸವಾರರಾಗಿದ್ದಿರಬಹುದು. ನನ್ನಿಂದ ಎರಡು ಪುಟ ಇಂಗ್ಲಿಷ್ ಬರೆಸಿ ಅಳಿಸಬೇಕೆಂದಿರುವುದು ಅವರನ್ನು. ಮೇಲೆ ಸುಲ್ತಾನನ ಹೆಸರು ಬಿದ್ದರೆ ನಾವು ಸಾಲ ಕೊಟ್ಟವರಾಗಿದ್ದ ವಿಷಯವೂ ಅಡಿಗೆ ಹೋಗುತ್ತದೆ. ಟಿಪ್ಪು ದೇಶಪ್ರೇಮಿಯೋ ಮತಾಂಧನೋ ಎಂಬ ಜಗಳಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಸರು ಕೃಷ್ಣದೇವರಾಯನದಾಗಿದ್ದರೂ ನಾನು ಸಹಿ ಹಾಕುತ್ತಿರಲಿಲ್ಲ.

ಕನ್ನಡದಲ್ಲಿ ಅರ್ಧ ಪುಟ ಬರೆದುಕೊಡಬಲ್ಲೆ: ಕಂಪನಿಯ ಸವಾರರ ಮಾದರಿ, 1808ರ ಸುಮಾರಿನದ್ದು ಅಥವಾ ಆಮೇಲಿನದ್ದು, ಬರಗಾಲದಲ್ಲಿ ಅಡವಾಗಿ ಬಂದದ್ದೆಂದು ಮನೆಯ ಹಿರಿಯರೊಬ್ಬರ ಹೇಳಿಕೆ. ಸಣ್ಣಜ್ಜಿಗೆ ಈಗ 84. ಅಡವಿಟ್ಟವರ ಊರಿನ ಹೆಸರು ಅವರಿಗೆ ಒಮ್ಮೊಮ್ಮೆ ನೆನಪಾಗುತ್ತದಂತೆ, ಮತ್ತೆ ಮರೆತುಹೋಗುತ್ತದಂತೆ. ಮುಂದಿನ ವಾರ ಹೋಗಿ ಅವರ ಜೊತೆ ನಾಲ್ಕು ದಿನ ಇರಬೇಕೆಂದಿದ್ದೇನೆ.