ಎಣ್ಣೆಗೆ ಬಾವುಟ ಸಿಕ್ಕಿತು

ಹೊರ್ಮುಜ್ ಜಲಸಂಧಿಯ ಹೆಸರು ಬಂದಾಗಲೆಲ್ಲ ಪಂಡಿತರು ಕೇಳೋದು ಒಂದೇ ಪ್ರಶ್ನೆ: ಎಣ್ಣೆ ಬರುತ್ತೋ ಇಲ್ಲವೋ? ಬ್ಯಾರೆಲ್ಲಿಗೆ ಎಷ್ಟು? ಆ ಎಣ್ಣೆ ತರುವ ಹಡಗಿನಲ್ಲಿ ಮನುಷ್ಯರೂ ಇರ್ತಾರಲ್ಲ, ಅವರ ಸುದ್ದಿ ಯಾರಿಗೂ ಬೇಡ.

ಗೆಳೆಯರೇ, ಹಳೇ ಲೆಕ್ಕವೊಂದನ್ನ ತೆಗೆಯೋಣ. ಇರಾನ್-ಇರಾಕ್ ಯುದ್ಧ, 1980ರಲ್ಲಿ ಶುರುವಾಗಿ 1988ರಲ್ಲಿ ನಿಂತದ್ದು. ನೆಲದ ಮೇಲೆ ಗೆಲ್ಲಲಾಗದ ಸದ್ದಾಂ ಹುಸೇನ್, ಇರಾನಿನ ಖಾರ್ಗ್ ದ್ವೀಪಕ್ಕೆ ಎಣ್ಣೆ ತುಂಬಲು ಬರುವ ಹಡಗುಗಳನ್ನ 1984ರಲ್ಲಿ ಒಂದೇ ಸಮನೆ ಹೊಡೆಸತೊಡಗಿದ. ಇರಾನ್ ಸುಮ್ಮನಿದ್ದೀತೇ? ಕುವೈತ್, ಸೌದಿಯ ಎಣ್ಣೆ ಹೊರುವ ಹಡಗುಗಳ ಮೇಲೆ ಎರಗಿತು. ಜಲಸಂಧಿಯನ್ನೇ ಮುಚ್ಚುತ್ತೇನೆ ಅಂತ ಗುಡುಗಿತು. ಮುಚ್ಚಲಿಲ್ಲ. ಹೇಗೆ ಮುಚ್ಚೀತು? ಅದರ ಎಣ್ಣೆಯೂ ಅದೇ ಬಾಗಿಲಿಂದ ಹೊರಗೆ ಹೋಗಬೇಕಲ್ಲ! ತೀರಾ ಕಿರಿದಾದ ಕಡೆ ಸುಮಾರು 33 ಕಿ.ಮೀ. ಅಗಲದ ಆ ಬಾಗಿಲು ಯುದ್ಧದುದ್ದಕ್ಕೂ ಎಣ್ಣೆಗೆ ತೆರೆದೇ ಇತ್ತು. ಏಟು ಬಿದ್ದದ್ದು ಹೊತ್ತು ತಂದವರ ಮೇಲೆ. ಲಂಡನ್ನಿನ ಲಾಯ್ಡ್ಸ್ ವಿಮೆಯವರ ಅಂದಾಜಿನಂತೆ 546 ವಾಣಿಜ್ಯ ಹಡಗುಗಳಿಗೆ ಪೆಟ್ಟು. ಸತ್ತ ನಾವಿಕರು ಸುಮಾರು 430. ಸೈನಿಕರಲ್ಲ ಇವರು. ಸಂಬಳಕ್ಕೆ ಡೆಕ್ಕು ತೊಳೆಯೋರು, ಇಂಜಿನ್ನು ನೋಡಿಕೊಳ್ಳೋರು, ಅಡುಗೆ ಮಾಡೋರು. ಇವರಿಗಾಗಿ ಯಾವ ರಾಜಧಾನಿಯಲ್ಲಿ ಬಾವುಟ ಅರ್ಧಕ್ಕೆ ಇಳಿಯಿತು?

ಬಾವುಟದ ಮಾತು ಬಂತು. 1987ರಲ್ಲಿ ಕುವೈತಿನ 11 ಟ್ಯಾಂಕರುಗಳಿಗೆ ಅಮೆರಿಕ ತನ್ನ ಬಾವುಟ ಕಟ್ಟಿತು. ಹೆಸರು ಬದಲು, ಬಾವುಟ ಬದಲು; ಎಣ್ಣೆ ಅದೇ, ಧಣಿಯೂ ಅವನೇ. ನೋಡನೋಡುತ್ತಾ ಎಣ್ಣೆ ಅಮೆರಿಕದ ಪ್ರಜೆಯಾಗಿಬಿಟ್ಟಿತು! ಇದಕ್ಕೆ 'ಮುಕ್ತ ನೌಕಾಯಾನ' ಅಂತ ನಾಮಕರಣ ಬೇರೆ. ಪಕ್ಕದಲ್ಲೇ ಲೈಬೀರಿಯಾದ್ದೋ ಪನಾಮಾದ್ದೋ ಬಾವುಟದ ಹಡಗಿನ ಮೇಲೆ ದಾಳಿಯಾದರೆ? ಅದನ್ನ ಕಾಯೋದು ನಮ್ಮ ಕೆಲಸವಲ್ಲ. 1988ರ ಏಪ್ರಿಲ್ ಕೊನೆಯವರೆಗೂ ಇದೇ ನೀತಿ.

ಆ ಕಾವಲಿನ ಚೆಂದ ನೋಡಿ. 1987ರ ಜುಲೈ 24. ಕಾವಲಿನ ಮೊದಲ ಪ್ರಯಾಣವೇ. ಬ್ರಿಡ್ಜ್‌ಟನ್ ಅನ್ನೋ, 4 ಲಕ್ಷ ಟನ್ ಹೊರುವ ಟ್ಯಾಂಕರು ಜಲಸಂಧಿ ದಾಟಿ ಕುವೈತ್ ಕಡೆ ಹೋಗ್ತಾ ಫಾರ್ಸಿ ದ್ವೀಪದ ಹತ್ತಿರ ನೀರೊಳಗಿನ ಮೈನಿಗೆ ತಾಗಿತು. ಹೊಟ್ಟೆ ತೂತಾಯಿತು, ಮುಳುಗಲಿಲ್ಲ. ಆಗ ಕಾಯೋಕೆ ಬಂದ ಯುದ್ಧನೌಕೆಗಳು ಏನು ಮಾಡಿದವು? ಅದರ ಹಿಂದೆ ಸಾಲಾಗಿ ನಡೆದವು. ಅದರ ಮೈ ದಪ್ಪ, ಇನ್ನೊಂದು ಮೈನು ತಡೆದೀತು. ತಮ್ಮದು ತೆಳು ಅಂತ. ತೂತುಬಿದ್ದ ಹಡಗು ಮುಂದೆ, ಫಿರಂಗಿಗಳು ಹಿಂದೆ. ಹಾವಿರೋ ಬದುವಿನ ಮೇಲೆ ರಾತ್ರಿ ಹೊತ್ತು ಆಳಿನ ಕೈಗೆ ಲಾಟೀನು ಕೊಟ್ಟು ಮುಂದೆ ಬಿಡೋ ಧಣಿಯನ್ನ ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕವನ್ನ ಎದುರಿಸಿತಲ್ಲ, ಹಾಗಾಗಿ ಇರಾನ್ ನಮ್ಮೋರದು ಅನ್ನೋ ಗೆಳೆಯರೂ ನಮ್ಮಲ್ಲಿದ್ದಾರೆ. ಅವರಿಗೂ ಒಂದು ಮಾತು. ಅದೇ ಸೆಪ್ಟೆಂಬರಿನಲ್ಲಿ 'ಇರಾನ್ ಅಜ್ರ್' ಅನ್ನೋ ಹಡಗು ರಾತ್ರಿ ಕಡಲಲ್ಲಿ ಮೈನು ಬಿತ್ತುವಾಗ ಸಿಕ್ಕಿಬಿತ್ತು. ಆ ಮೈನುಗಳ ಮೂಲ ನಮೂನೆ 1908ರ ಜಾರ್ ರಷ್ಯಾದ್ದು. ಮೈನು ಯಾರನ್ನೂ ಕೇಳಲ್ಲ, ನೀನು ಕೂಲಿಯೋ ಸಾಹುಕಾರನೋ ಅಂತ. ಆದರೆ ಸಾಹುಕಾರ ಹಡಗಿನಲ್ಲಿರಲ್ಲ.

ಇನ್ನು 1988ರ ಜುಲೈ 3. ಜಲಸಂಧಿಯ ದಡದ ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟ ಇರಾನ್ ಏರ್ ವಿಮಾನವನ್ನ ಅಮೆರಿಕದ ವಿನ್ಸೆನ್ಸ್ ನೌಕೆ ಹೊಡೆದು ಕೆಡವಿತು. ಯುದ್ಧವಿಮಾನ ಅಂದ್ಕೊಂಡೆವು ಅಂದರು. 290 ಜನ. ಅದರಲ್ಲಿ 66 ಮಕ್ಕಳು. 10 ಮಂದಿ ಭಾರತದವರು. ನೌಕೆಯ ಕ್ಯಾಪ್ಟನ್‌ಗೆ 1990ರಲ್ಲಿ ಆ ಅವಧಿಯ ಸೇವೆಗೆ ಪದಕ ಸಿಕ್ಕಿತು. ಸತ್ತವರಿಗೆ? 1996ರಲ್ಲಿ, ತಪ್ಪು ಒಪ್ಪಿಕೊಳ್ಳದೇನೇ, ಲೆಕ್ಕ ತೀರಿಸಿದರು. ಸತ್ತ ಇರಾನಿಯರಲ್ಲಿ ದುಡಿಯುತ್ತಿದ್ದವರ ಜೀವಕ್ಕೆ 3 ಲಕ್ಷ ಡಾಲರ್. ದುಡಿಯದವರ ಜೀವಕ್ಕೆ ಒಂದೂವರೆ ಲಕ್ಷ.

ಮಗು ಅಂದರೆ ಅರ್ಧ. ಮನೇಲಿ ಬೇಯಿಸಿ ಬಡಿಸುತ್ತಿದ್ದ ತಾಯಿಯೂ ಅರ್ಧ. ಅವಳು ದುಡೀತಿರಲಿಲ್ಲವಂತೆ.