ಅಲೆಯಲ್ಲ, ಮಹಾಶಯರೆ!

ಚುನಾವಣೆಯಲ್ಲಿ ಸೋತ ಆಳುವ ಪಕ್ಷದ ಮುಖಂಡರಿಗೆ ಒಂದು ಮಾತು ಬಹಳ ಪ್ರಿಯ: ಆಡಳಿತ ವಿರೋಧಿ ಅಲೆ. ಅಲೆ ಬಂದಿತು, ನಾವು ಕೊಚ್ಚಿಹೋದೆವು ಎನ್ನುತ್ತಾರೆ. ಅಲೆ ಏಳುವುದು ಸಮುದ್ರದಲ್ಲಿ. ಅದಕ್ಕೆ ಯಾರೂ ಹೊಣೆಯಲ್ಲ. ಎಷ್ಟು ಅನುಕೂಲದ ಮಾತು ನೋಡಿ! ಇನ್ನೂ ಕಟುವಾದವರು ಮತದಾರನನ್ನೇ ಕೃತಘ್ನ, ಚಂಚಲ ಎಂದು ಹಳಿಯುವುದುಂಟು. ನಾನು ಆ ಚಂಚಲರ ಪೈಕಿ ಒಬ್ಬ. ಯಾವ ಪಕ್ಷದ ಬಾವುಟವನ್ನೂ ಹೊತ್ತವನಲ್ಲ, ಯಾವುದರ ಹುಟ್ಟುವೈರಿಯೂ ಅಲ್ಲ. 1985ರಲ್ಲಿ ನನ್ನ ಮತ ಜನತಾ ಪಕ್ಷಕ್ಕೆ, 1989ರಲ್ಲಿ ಕಾಂಗ್ರೆಸ್ಸಿಗೆ, 1994ರಲ್ಲಿ ಜನತಾದಳಕ್ಕೆ. ನನ್ನ ವಕಾಲತ್ತನ್ನು ನಾನೇ ವಹಿಸಬೇಕಾಗಿದೆ.

ನಾವು ಚಂಚಲರೇ? 1984ರ ಡಿಸೆಂಬರಿನಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿನ ಪಾಲಾದವು. ಅದು ತಮ್ಮ ಮೇಲಿನ ತೀರ್ಪೂ ಹೌದೆಂದು ಬಗೆದು ರಾಮಕೃಷ್ಣ ಹೆಗಡೆಯವರು ವಿಧಾನಸಭೆಯನ್ನು ವಿಸರ್ಜಿಸುವಂತೆ ಶಿಫಾರಸು ಮಾಡಿ ಜನರೆದುರು ಬಂದರು. ಮಾರ್ಚಿನಲ್ಲಿ ಅದೇ ಜನ ಅವರ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ದೆಹಲಿ ಬೇರೆ, ಬೆಂಗಳೂರು ಬೇರೆ ಎಂದು, ಅಕ್ಕಿಯಿಂದ ಕಲ್ಲು ಆರಿಸುವಷ್ಟು ನಿಧಾನವಾಗಿ, ನಾವು ಆರಿಸಿದೆವು. ವಿಶ್ವಾಸವಿದೆಯೇ ಎಂದು ಬಂದು ಕೇಳಿದ್ದೇ ನಮಗೆ ಹಿಡಿಸಿತ್ತು.

ಆ 139 ಮುಂದಿನ ಚುನಾವಣೆಯಲ್ಲಿ 24 ಆಯಿತು. ಆ ಸರ್ಕಾರ ಕೆಲಸ ಮಾಡಿರಲಿಲ್ಲವೇ? ಮಾಡಿತ್ತು. ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿದ ನಜೀರ್ ಸಾಬರನ್ನು ಜನ 'ನೀರ್ ಸಾಬ್' ಎಂದೇ ಕರೆದರು. ಜಿಲ್ಲಾ ಪರಿಷತ್ತುಗಳು ಬಂದವು. ಆದರೆ 1988ರಲ್ಲಿ ದೂರವಾಣಿ ಕದ್ದಾಲಿಕೆಯ ಪ್ರಕರಣದಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟರು. ಅನಂತರ ಕೊಳವೆ ಬಾವಿಯ ಮಾತೇ ಕೇಳಿಸದಷ್ಟು ಒಳಜಗಳದ ಗದ್ದಲ. ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದು ತಪ್ಪೆಂದು 1994ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು, ನಿಜ. ಆದರೆ ಮತದಾರನೆದುರು ಅದು ಸಾಲದ ಸಮಾಧಾನ.

ಹಾಗಾದರೆ ಗೆದ್ದವರು ಪಾಠ ಕಲಿತರೋ? ಕಾಂಗ್ರೆಸ್ಸಿಗೆ 178 ಸ್ಥಾನ ಕೊಟ್ಟಿದ್ದೆವು. ವರ್ಷ ತುಂಬುವ ಮೊದಲೇ, 1990ರ ಅಕ್ಟೋಬರಿನಲ್ಲಿ, ಅನಾರೋಗ್ಯದಿಂದಿದ್ದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಬದಲಿಸುವ ಮಾತನ್ನು ರಾಜೀವ್ ಗಾಂಧಿಯವರು ವಿಮಾನ ನಿಲ್ದಾಣದಲ್ಲಿ ನಿಂತು ಹೇಳಿ ಹೊರಟರು. ಪಾಟೀಲರಾದ ಮೇಲೆ ಬಂಗಾರಪ್ಪ, ಬಂಗಾರಪ್ಪನವರಾದ ಮೇಲೆ ಮೊಯಿಲಿ. 178 ಹೋಗಿ 34 ಉಳಿಯಿತು. ಮತ್ತೆ 115 ಸ್ಥಾನದೊಡನೆ ಬಂದ ಜನತಾದಳ 1996ರಲ್ಲಿ ಹೆಗಡೆಯವರನ್ನೇ ಉಚ್ಚಾಟಿಸಿ, 1999ರ ಹೊತ್ತಿಗೆ ಎರಡು ಹೋಳಾಗಿ, ಒಂದು ಹೋಳಿಗೆ 18, ಇನ್ನೊಂದಕ್ಕೆ 10 ಪಡೆಯಿತು. ಇದೂ ಅಲೆಯೇ?

ನಮ್ಮಂಥವರು ಬಹಳ ಸಹಿಸುತ್ತೇವೆ. ಬೆಲೆ ಏರಿಕೆ, ಹಳ್ಳಬಿದ್ದ ರಸ್ತೆ, ನಾಚಿಕೆಯ ಮಾತು, ಅಷ್ಟಿಷ್ಟು ಲಂಚವನ್ನೂ. ಆದರೆ ಎಲೆ ಹಾಕಿ ಕೂರಿಸಿ, ಅಡಿಗೆಮನೆಯಲ್ಲಿ ಸೌಟು ಯಾರ ಕೈಯಲ್ಲಿರಬೇಕೆಂದು ಮನೆಯವರೇ ಹೊಡೆದಾಡುತ್ತಿದ್ದರೆ, ಪಂಕ್ತಿಯಲ್ಲಿ ಕುಳಿತವನು ಎಷ್ಟು ಹೊತ್ತು ಕಾದಾನು? ಅವನು ಕೂಗಾಡುವುದಿಲ್ಲ, ಪ್ರತಿಕೃತಿ ಸುಡುವುದಿಲ್ಲ. ಮೆಲ್ಲನೆ ಎದ್ದು ಚಪ್ಪಲಿ ಮೆಟ್ಟುತ್ತಾನೆ. ಒಳಗಿನವರು ಆ ಮೌನವನ್ನೇ ತೃಪ್ತಿಯೆಂದು ಭಾವಿಸಿರುತ್ತಾರೆ. ಜಾತಿಯ ಲೆಕ್ಕ, ಹಣದ ಲೆಕ್ಕ ಇಲ್ಲವೆಂದು ನಾನು ಹೇಳುವಷ್ಟು ಮುಗ್ಧನಲ್ಲ. ಆದರೆ ನಮ್ಮ ಚುನಾವಣಾ ಪದ್ಧತಿಯಲ್ಲಿ ನೂರರಲ್ಲಿ ಹತ್ತು-ಹದಿನೈದು ಮಂದಿ ಚಪ್ಪಲಿ ಮೆಟ್ಟಿದರೂ ಸಾಕು, ಪಂಕ್ತಿಯೇ ಬರಿದಾದಂತೆ ಕಾಣುತ್ತದೆ. 1985ರಿಂದ 2023ರ ಚುನಾವಣೆಯವರೆಗೆ ಈ ರಾಜ್ಯದಲ್ಲಿ ಯಾವ ಆಳುವ ಪಕ್ಷವೂ ಬಹುಮತದೊಡನೆ ಮರಳಿಲ್ಲ.

ಇಂಥದೊಂದು ಸೋಲಿನ ಸಂಜೆ ನಮ್ಮ ಬೀದಿಯ ಹಿರಿಯ ಕಾರ್ಯಕರ್ತರೊಬ್ಬರ ಮನೆಗೆ ಹೋಗಿದ್ದೆ. ಹೆಸರು ಬೇಡ, ಪಕ್ಷವೂ ಬೇಡ. ಎರಡೂ ಕಡೆಗೆ ಇದು ಸಲ್ಲುತ್ತದೆ. ಕಾಫಿ ತರಿಸಿದರು. "ಅಲೆ ಸ್ವಾಮಿ, ಯಾರೇನು ಮಾಡೋಕಾಗುತ್ತೆ?" ಎಂದರು. "ಈ ಸಲ ನಾನೂ ನಿಮಗೆ ಹಾಕಲಿಲ್ಲ ರಾಯರೆ" ಎಂದೆ. ಏಕೆಂದು ಕೇಳುತ್ತಾರೆಂದು ಕಾದೆ. ಅವರು ಕನ್ನಡಕ ಏರಿಸಿ, ಮತಗಟ್ಟೆಯ ಪಟ್ಟಿಯಲ್ಲಿ ನಮ್ಮ ಬೀದಿಯ ಸಾಲನ್ನು ಹುಡುಕಿ, ಪೆನ್ಸಿಲಿನಲ್ಲಿ ಒಂದು ಗೀಟು ಎಳೆದರು.