ಚಪ್ಪಾಳೆಯ ತೀರ್ಪು

ಕುಸ್ತಿಯ ಕಣದೊಳಗೆ ಪೈಲವಾನರು ಇಬ್ಬರು. ಕಣದ ಹೊರಗೆ ಕುಳಿತ ಪಂಚರು ಸಾವಿರಾರು. ಬಾಡಗಂಡಿ, ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳ ಕಡೆಗೆ ಜಾತ್ರೆಯ ನೆವದಿಂದ ಒಮ್ಮೆಯಾದರೂ ಕಣದ ದಂಡೆಗೆ ಕುಳಿತವರು ಈ ಮಾತನ್ನು ಒಪ್ಪಿಯಾರು. ಆದರೂ ಕುಸ್ತಿಯ ಜಗಳ ಬಹಳ ಹೊತ್ತಿನದಲ್ಲ. ನಿಕಾಲಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಸೋಲು, ಹತ್ತದೆ ಹೋದರೆ ಬರಾಬರಿ. ಹಲಗಿ ನಿಲ್ಲುವುದರೊಳಗೆ ಜಗಳವೂ ನಿಲ್ಲುತ್ತದೆ.

ಮಲ್ಲಕಂಬದ ಮಾತು ಬೇರೆ. ಅಲ್ಲಿ ಸ್ಪರ್ಧಿಗಳು ಒಬ್ಬರನ್ನೊಬ್ಬರು ಮುಟ್ಟುವುದೇ ಇಲ್ಲ. ಹರಳೆಣ್ಣೆ ಸವರಿದ ಸಾಗವಾನಿ ಕಂಬವನ್ನು ಒಬ್ಬ ಹುಡುಗ ಹಾರಿ ಹಿಡಿಯುತ್ತಾನೆ; ಒಂದೂವರೆ ನಿಮಿಷದ ಒಳಗೆ ಏರಿ, ಇಳಿದು, ತಿರುಗಿ, ತೊಡೆಯ ಒಂದೇ ಹಿಡಿತದ ಮೇಲೆ ಮೈಯನ್ನೆಲ್ಲ ಗಾಳಿಗೆ ಚಾಚಿ, ಕಡೆಗೆ ಹಾರಿ ನೆಲದ ಮೇಲೆ ನಿಲ್ಲುತ್ತಾನೆ. ಅನಂತರ ಇನ್ನೊಬ್ಬನು ಬರುತ್ತಾನೆ. ಯಾರು ಗೆದ್ದರೆಂಬುದನ್ನು ಹೇಳುವುದು ಮಣ್ಣಲ್ಲ, ಮೇಜಿನ ಹಿಂದೆ ಕುಳಿತವರ ಪೆನ್ನು. ಆದ್ದರಿಂದಲೇ ಇಲ್ಲಿ ಗದ್ದಲ ಹೆಚ್ಚು. ಫಲಿತಾಂಶ ಓದಿದ ಕೂಡಲೆ 'ಮೋಸ' ಎಂಬ ಕೂಗು ಏಳದ ಸ್ಪರ್ಧೆಯನ್ನು ನಾನು ಕಂಡಿಲ್ಲ.

ಕೂಗುವವರು ಕೂಗಲಿ, ಅದು ಜಾತ್ರೆಯ ಹಕ್ಕು. ನನ್ನ ತಕರಾರು ಕೂಗಿಗೊಂದು ಸಿದ್ಧಾಂತವನ್ನು ಹೊಲಿದು ಕೊಡುವ ವಿದ್ಯಾವಂತರ ಮೇಲೆ. 'ಜನ ಯಾರಿಗೆ ಹೆಚ್ಚು ಚಪ್ಪಾಳೆ ತಟ್ಟಿದರೋ ಅವನೇ ಗೆದ್ದ. ಅಂಕಗಳ ಲೆಕ್ಕದಿಂದ ಕಲೆ ಸತ್ತುಹೋಯಿತು' ಎಂದು ಇವರು ಹೇಳುತ್ತಾರೆ. ಇದಕ್ಕೆ ಬೆಂಬಲವಾಗಿ 'ಕವಿರಾಜಮಾರ್ಗ'ವನ್ನೂ ಎಳೆದು ತರುತ್ತಾರೆ. ಓದು ಕಲಿಯದೆಯೂ ಕಾವ್ಯದಲ್ಲಿ ಪರಿಣತರಾದವರು ಕನ್ನಡಿಗರು ಎಂದು ಒಂಬತ್ತನೆಯ ಶತಮಾನದಲ್ಲಿಯೇ ಆ ಗ್ರಂಥ ಹೊಗಳಿದ ಮೇಲೆ, ಕಂಬದ ಮೇಲಿನ ಹುಡುಗನನ್ನು ಅಳೆಯಲು ನಮಗೆ ಪಂಚರೇತಕ್ಕೆ ಎಂಬುದು ಇವರ ವಾದ. ಆದರೆ ಅದೇ ಗ್ರಂಥ ದೋಷವಾವುದು, ಗುಣವಾವುದು, ಅಲಂಕಾರವಾವುದು ಎಂದು ಪುಟಪುಟಗಳಲ್ಲಿ ಬಿಡಿಸಿ ಹೇಳುತ್ತದೆಯಲ್ಲ! ಜನರ ಮೆಚ್ಚುಗೆಯೇ ಸಾಕಾಗಿದ್ದರೆ ಅಷ್ಟು ಲಕ್ಷಣ ಬರೆಯುವ ಗೊಡವೆ ಯಾರಿಗೆ ಬೇಕಾಗಿತ್ತು? ಹೊಗಳಿಕೆಯನ್ನು ಮಾತ್ರ ಕಂಠಪಾಠ ಮಾಡಿ ಲಕ್ಷಣವನ್ನು ಬಿಟ್ಟವರು ನಮ್ಮಲ್ಲಿ ಬಹಳ ಜನ. ನನ್ನ ವರ್ಗದಲ್ಲಿಯೂ ಇದ್ದಾರೆ.

ಜನರ ಕಣ್ಣಿಗೆ ಕಾಣುವುದೇನು? ಎತ್ತರ, ವೇಗ, ಅಪಾಯ. ಹುಡುಗ ಕಂಬದ ತುದಿಯಲ್ಲಿ ಕೈಬಿಟ್ಟು ನಿಂತನೆಂದರೆ ಮೈದಾನ ಭೋರ್ಗರೆಯುತ್ತದೆ. ಆದರೆ ಆ ನಿಲುವಿಗೆ ಹೋಗುವ ಮುಂಚೆ ಅವನು ಎರಡು ಸಲ ಹಿಡಿತ ಬದಲಿಸಿದ್ದು, ಮೊಣಕಾಲು ಮಡಚಿದ್ದು, ಪಾದದ ತುದಿ ನೀಳವಾಗದೆ ಉಳಿದದ್ದು, ಇಳಿದ ಮೇಲೆ ಅರ್ಧ ಹೆಜ್ಜೆ ಸರಿದದ್ದು ಇವು ಮೂವತ್ತು ಮಾರು ದೂರದಿಂದ ಯಾರಿಗೂ ಕಾಣುವುದಿಲ್ಲ. ದಸರಂಗ, ಬಗಲಿ, ಫಿರಕಿ ಮುಂತಾದ ಪಟ್ಟುಗಳಲ್ಲಿ ಯಾವುದು ಸುಲಭ, ಯಾವುದು ಕಠಿಣ ಎಂಬುದು ಸ್ವತಃ ಕಂಬ ಹತ್ತಿದವನಿಗೆ ಮಾತ್ರ ಗೊತ್ತು. ಎಷ್ಟೋ ಕಠಿಣವಾದುದು ನೋಡಲು ಸಪ್ಪೆ. ಎಷ್ಟೋ ಸುಲಭವಾದುದು ನೋಡಲು ಭಯಂಕರ. ಆದ್ದರಿಂದಲೇ ಪಟ್ಟುಗಳನ್ನು ಕಾಠಿಣ್ಯದ ದರ್ಜೆಗಳಲ್ಲಿ ವಿಂಗಡಿಸಿ, ತಪ್ಪಿಗೆ ಇಷ್ಟಿಷ್ಟು ಕಡಿತವೆಂದು ಗೊತ್ತುಮಾಡಿದ್ದಾರೆ. ಕಲ್ಯಾಣದ ಚಾಲುಕ್ಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆಯಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಕಂಬದ ವ್ಯಾಯಾಮದ ಪ್ರಸ್ತಾಪವಿದೆ. ಎರಡನೆಯ ಬಾಜೀರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರರು ಅದಕ್ಕೆ ಮತ್ತೆ ಜೀವ ತುಂಬಿದರು. ಇಷ್ಟು ಹಳೆಯ ವಿದ್ಯೆಯನ್ನು ಶಿಳ್ಳೆಯ ಅಳತೆಗೆ ಒಪ್ಪಿಸುವುದು ಅದಕ್ಕೆ ಮಾಡುವ ಗೌರವವೇ?

ಈ ವ್ಯಾಜ್ಯ ನಮ್ಮೊಬ್ಬರದಲ್ಲ. ಶೀತದೇಶಗಳಲ್ಲಿ ಫಿಗರ್ ಸ್ಕೇಟಿಂಗ್ ಎಂಬ ಆಟವುಂಟು. ಉಕ್ಕಿನ ಅಲಗು ಕೂಡಿಸಿದ ಬೂಟು ತೊಟ್ಟು, ಮಂಜುಗಡ್ಡೆಯ ನೆಲದ ಮೇಲೆ ಸಂಗೀತಕ್ಕೆ ಸರಿಯಾಗಿ ಜಾರುತ್ತ, ಗಾಳಿಯಲ್ಲಿ ಹಾರಿ ಮೂರು ನಾಲ್ಕು ಸುತ್ತು ತಿರುಗಿ ಮತ್ತೆ ಒಂದೇ ಕಾಲಿನ ಮೇಲೆ ಇಳಿಯಬೇಕು. ಅರ್ಧ ಆಟ, ಅರ್ಧ ನೃತ್ಯ. 2010ರಲ್ಲಿ ವ್ಯಾಂಕೂವರ್ ಒಲಿಂಪಿಕ್ಸಿನ ಪುರುಷರ ವಿಭಾಗದಲ್ಲಿ ಅಮೆರಿಕದ ಎವನ್ ಲೈಸಾಚೆಕ್ 257.67 ಅಂಕ ಪಡೆದು ಚಿನ್ನ ಗೆದ್ದನು. ರಶಿಯದ ಎವ್ಗೆನಿ ಪ್ಲುಶೆಂಕೊ 256.36 ಪಡೆದು ಎರಡನೆಯವನಾದನು. ಪ್ಲುಶೆಂಕೊ ನಾಲ್ಕು ಸುತ್ತಿನ ಹಾರಿಕೆ ಹಾರಿದ್ದನು. ಲೈಸಾಚೆಕ್ ಅದಕ್ಕೆ ಕೈಹಾಕಿರಲೇ ಇಲ್ಲ. ಅಭಿಮಾನಿಗಳು ಕೆರಳಿದರು. ಅಂದಿನ ರಶಿಯದ ಪ್ರಧಾನಿ ಪುತಿನ್ ಸಹ ಪ್ಲುಶೆಂಕೊನ ಬೆಳ್ಳಿ ಚಿನ್ನಕ್ಕೆ ಸಮವೆಂದು ತಂತಿ ಕಳಿಸಿದರು. 'ಗಂಡಸಿನ ಹಾರಿಕೆಯನ್ನು ಬಿಟ್ಟು ಕೈಕಾಲಿನ ಒಯ್ಯಾರಕ್ಕೆ ಚಿನ್ನ ಕೊಟ್ಟರು' ಎಂಬುದು ಅವರ ಪಕ್ಷದ ಗೊಣಗಾಟ.

ಅಂಕಪಟ್ಟಿಯನ್ನು ನೋಡಿದವನಿಗೆ ನಗು ಬಂದೀತು. ಅಂದಿನ ದೀರ್ಘ ಪ್ರದರ್ಶನದಲ್ಲಿ ಕಲೆಯ ಭಾಗಕ್ಕೆ ಇಬ್ಬರಿಗೂ ಬಿದ್ದದ್ದು ಸರಿಸಮ, 82.80! ಲೈಸಾಚೆಕ್ ಮುಂದಾದದ್ದು ಒಯ್ಯಾರದಲ್ಲಲ್ಲ, ತಾಂತ್ರಿಕ ಭಾಗದಲ್ಲಿಯೇ: ಅವನಿಗೆ 84.57, ಪ್ಲುಶೆಂಕೊಗೆ 82.71. ಪ್ರದರ್ಶನದ ಉತ್ತರಾರ್ಧದಲ್ಲಿ, ದಣಿದ ಕಾಲಿನಿಂದ ಹಾರಿದ ಹಾರಿಕೆಗೆ ಆಗಿನ ನಿಯಮ ಹೆಚ್ಚು ಬೆಲೆ ಕಟ್ಟುತ್ತಿತ್ತು. ಲೈಸಾಚೆಕ್ ತನ್ನ ಹಾರಿಕೆಗಳನ್ನು ಹೆಚ್ಚಾಗಿ ಅಲ್ಲಿಟ್ಟಿದ್ದನು, ಸ್ವಚ್ಛವಾಗಿಯೂ ಇಳಿದಿದ್ದನು. ಒಂದು ದೊಡ್ಡ ಹಾರಿಕೆಯನ್ನು ಕಂಡ ಕಣ್ಣುಗಳು ಏಳು ಸಣ್ಣ ಸಂಗತಿಗಳನ್ನು ಕಾಣದೆ ಹೋದವು. ಅಷ್ಟೇ ನಡೆದದ್ದು.

ಇನ್ನು ಮುಂದಿನ ಸಂಗತಿ ನನ್ನ ಎದುರಾಳಿಗಳಿಗೆ ತುಸು ಸಮಾಧಾನ ಕೊಟ್ಟೀತು. ನಾಲ್ಕು ಸುತ್ತಿನ ಹಾರಿಕೆಗೆ ಇಟ್ಟ ಬೆಲೆ ಅದರ ಕಷ್ಟಕ್ಕೆ ಸಾಲದು ಎಂಬ ಮಾತನ್ನು ಆ ಕ್ರೀಡೆಯ ಜಾಗತಿಕ ಸಂಸ್ಥೆ ಕೇಳಿತು. ಅದೇ ವರ್ಷ ಬೆಲೆಯನ್ನು ಏರಿಸಿತು. ಆದರೆ ಪದಕವನ್ನು ಮರಳಿ ಕಿತ್ತುಕೊಳ್ಳಲಿಲ್ಲ. ಹಿಂದುಮುಂದಾಗಿ ಲಾಗ ಹಾಕುವ ಪಟ್ಟಿನ ಕಥೆಯೂ ಇಂಥದೇ. 1976ರ ಒಲಿಂಪಿಕ್ಸಿನಲ್ಲಿ ಅಮೆರಿಕದ ಟೆರಿ ಕುಬಿಕಾ ಅದನ್ನು ಹಾಕಿದ ಮೇಲೆ ಅಪಾಯಕರವೆಂದು ನಿಷೇಧಿಸಿದರು. ನೋಡುವವರಿಗೆ ಮಾತ್ರ ಅದರ ಮೇಲಿನ ಆಸೆ ಹೋಗಲಿಲ್ಲ. 2024ರ ಜಾಗತಿಕ ಸ್ಪರ್ಧೆಯಲ್ಲಿ ಫ್ರಾನ್ಸಿನ ಆದಂ ಸಿಯಾವೊ ಹಿಂ ಫಾ ಎಂಬುವನು, ಎರಡು ಅಂಕ ಕಡಿತವಾಗುವುದೆಂದು ತಿಳಿದೂ ತಿಳಿದೂ ಲಾಗ ಹಾಕಿದನು. ದಂಡ ತೆತ್ತು, ಹತ್ತೊಂಬತ್ತನೆಯ ಸ್ಥಾನದಿಂದ ಮೇಲೇರಿ ಮೂರನೆಯವನಾಗಿ ಬಂದನು. ಅದೇ ವರ್ಷ ನಿಷೇಧವನ್ನು ತೆಗೆದರು. ಜನರ ಮಾತಿಗೆ ಇರುವ ಸ್ಥಾನ ಇದು. ಮುಂದಿನ ನಿಯಮವನ್ನು ಮಾಡುವಾಗ ಅವರ ಮಾತು ಕೇಳಬೇಕು. ಇಂದಿನ ತೀರ್ಪನ್ನು ಬರೆಯುವಾಗ ಕೇಳಕೂಡದು. ಇವೆರಡನ್ನೂ ಕಲಸುವುದರಿಂದಲೇ ನಮ್ಮಲ್ಲಿ ಎರಡೂ ಕೆಟ್ಟಿವೆ.

ನಮ್ಮವರಿಗೆ ಇದು ಹೊಸ ಪಾಠವೇನಲ್ಲ. ಮುಧೋಳದ ರನ್ನನು 'ಸಾಹಸಭೀಮವಿಜಯ' ಬರೆದನು. ಹೆಸರಿನಲ್ಲಿಯೇ ಅವನ ತೀರ್ಪಿದೆ: ಗೆಲುವು ಭೀಮನದು, ಭೀಮನ ನೆವದಿಂದ ಆಶ್ರಯದಾತನಾದ ಸತ್ಯಾಶ್ರಯನದು. ಆದರೆ ಓದುವವರ ಮನಸ್ಸು ದುರ್ಯೋಧನನ ಕಡೆಗೆ ವಾಲುತ್ತ ಬಂದಿದೆ, ಬಿ. ಎಂ. ಶ್ರೀಕಂಠಯ್ಯನವರು ಅದೇ ಕಾವ್ಯದಿಂದ ದುರ್ಯೋಧನನನ್ನು ದುರಂತನಾಯಕನನ್ನಾಗಿ ಮಾಡಿ ನಾಟಕವನ್ನೇ ಕಟ್ಟಿದರು. ಭಾರತದ ಕಥೆಯಲ್ಲಿ ನಾಭಿಯ ಕೆಳಗೆ ಹೊಡೆಯಬಾರದೆಂಬ ಗದಾಯುದ್ಧದ ನಿಯಮವನ್ನು ಮುರಿದವನು ಭೀಮ. ನಿಯಮಭಂಗವೆಂದು ನೇಗಿಲನ್ನೆತ್ತಿ ಮೇಲೆ ಬಿದ್ದವನು ಇಬ್ಬರಿಗೂ ಗುರುವಾದ ಬಲರಾಮ. ಬಲರಾಮನದು ಅಭಿಮಾನದ ಕೂಗಲ್ಲ, ನಿಯಮ ಬಲ್ಲವನ ಕೂಗು. ದುರ್ಯೋಧನನ ಮೇಲೆ ಅವನಿಗೆ ಪ್ರೀತಿ ಇದ್ದದ್ದು ನಿಜ. ಆದರೆ ಅವನು 'ನನ್ನ ಶಿಷ್ಯ ಚೆನ್ನಾಗಿ ಆಡಿದ' ಎನ್ನಲಿಲ್ಲ, 'ಏಟು ಎಲ್ಲಿಗೆ ಬಿತ್ತು, ನೋಡಿ' ಎಂದ. ನಮ್ಮ ಜಾತ್ರೆಯ ಬಲರಾಮರಿಗೆ ಏಟು ಎಲ್ಲಿಗೆ ಬಿತ್ತೆಂಬುದು ಬೇಕಾಗಿಲ್ಲ, ಹುಡುಗ ಯಾವ ಊರಿನವನೆಂಬುದು ಬೇಕು.

ಚಪ್ಪಾಳೆಯೇ ಪ್ರಮಾಣವಾಗಬಹುದಾದ ಜಾಗವೂ ನಮ್ಮಲ್ಲಿದೆ, ಅದನ್ನೂ ಹೇಳಿಬಿಡುತ್ತೇನೆ. ಹರದೇಶಿ-ನಾಗೇಶಿಯ ಮೇಳ ರಾತ್ರಿಯೆಲ್ಲ ಹಾಡಿನಲ್ಲಿ ಜಗಳಾಡುತ್ತದೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದ ಬೆಳಗಾದರೂ ಮುಗಿಯುವುದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಯಾವ ಪಕ್ಷಕ್ಕೆ ಜನ ತಲೆದೂಗಿದರೋ ಅದೇ ಆ ರಾತ್ರಿಯ ಗೆಲುವು. ಅಲ್ಲಿ ಸೋತವನ ಅನ್ನಕ್ಕೆ ಧಕ್ಕೆಯಿಲ್ಲ.

ಮಲ್ಲಕಂಬದಲ್ಲಿ ಧಕ್ಕೆಯಿದೆ. ಕೇಂದ್ರ ಸರಕಾರವು 2020ರಲ್ಲಿ ಕ್ರೀಡಾ ಕೋಟಾದ ನೌಕರಿಗೆ ಅರ್ಹವಾದ ಆಟಗಳ ಪಟ್ಟಿಯಲ್ಲಿ ಮಲ್ಲಕಂಬವನ್ನೂ ಸೇರಿಸಿತು. 2022ರಲ್ಲಿ ಗುಜರಾತಿನಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿಯೂ ಅದಕ್ಕೆ ಸ್ಥಾನ ದೊರೆಯಿತು. ಬಾಗಲಕೋಟೆಯ ತುಳಸಿಗೇರಿ ಹನುಮಪ್ಪನಿಂದ ಹೇಗೋ ಹಾಗೆ ಮಲ್ಲಕಂಬದಿಂದಲೂ ಹೆಸರಾದ ಊರು. ಇಂಥ ಊರುಗಳಲ್ಲಿ ನೇಕಾರರ, ಕೂಲಿಕಾರರ ಮಕ್ಕಳು ಬೆಳಗಿನ ನಾಲ್ಕಕ್ಕೆ ಎದ್ದು ತೊಡೆಯ ತೊಗಲು ಸುಲಿಯುವವರೆಗೆ ಕಂಬವನ್ನಪ್ಪುತ್ತಾರೆ. ಅರ್ಧ ಅಂಕ ಎಂದರೆ ಅವರ ಪಾಲಿಗೆ ನೌಕರಿಯ ಕದ. ಆ ಅರ್ಧ ಅಂಕವನ್ನು ಶಿಳ್ಳೆ ಹೊಡೆಯುವವರ ಕೈಗೆ ಕೊಡಿ ಎನ್ನುವವರು, ಶಿಳ್ಳೆ ಹೊಡೆಯಲು ಊರಿನಿಂದ ಎರಡು ಟ್ರ್ಯಾಕ್ಟರ್ ಜನರನ್ನು ತರಲಾರದ ಬಡವನ ಮಗನಿಗೆ ಏನು ಉತ್ತರ ಹೇಳುತ್ತಾರೆ?

ಹಾಗೆಂದು ಮೇಜಿನ ಹಿಂದೆ ಕುಳಿತವರ ಪರವಾಗಿ ನಾನು ವಕೀಲಿ ಮಾಡುತ್ತಿಲ್ಲ. ತಾಲೂಕಿನ ಮಟ್ಟದ, ಜಾತ್ರೆಯ ಮಟ್ಟದ ಸ್ಪರ್ಧೆಗಳಲ್ಲಿ ನಾನು ಕಂಡದ್ದು ಇದು: ಒಂದು ಕುರ್ಚಿಯಲ್ಲಿ ನಿಯಮ ಬಲ್ಲ ಮಾಸ್ತರರು, ಪಕ್ಕದ ಕುರ್ಚಿಯಲ್ಲಿ ಬಹುಮಾನದ ಹಣ ಕೊಟ್ಟ ಯಜಮಾನರು, ಮೂರನೆಯದರಲ್ಲಿ ಸ್ಪರ್ಧಿಗೆ ಕಂಬ ಕಲಿಸಿದವರೇ. ಈ ವಿದ್ಯೆಯ ವಲಯ ಚಿಕ್ಕದು, ಕಲಿಸುವವರೇ ತೀರ್ಪುಗಾರರಾಗುವುದು ತಪ್ಪಿದ್ದಲ್ಲ ಎಂಬುದನ್ನು ಒಪ್ಪೋಣ. ಆದರೆ ತನ್ನ ಶಿಷ್ಯನ ಸರದಿ ಬಂದಾಗ ಎದ್ದು ಹೊರಗೆ ಹೋಗುವುದಕ್ಕೆ ವಲಯ ದೊಡ್ಡದಾಗಬೇಕಾಗಿಲ್ಲ. ಕಡೆಗೆ ಧ್ವನಿವರ್ಧಕದಲ್ಲಿ ಕೇಳಿಬರುವುದು ಮೂರು ಹೆಸರು ಮಾತ್ರ. ಯಾರು ಎಷ್ಟು ಅಂಕ ಕೊಟ್ಟರು, ಏತಕ್ಕೆ ಕಡಿದರು, ಒಂದಕ್ಷರವಿಲ್ಲ. ಕೇಳಿದರೆ, 'ಪಂಚರ ತೀರ್ಮಾನವೇ ಅಂತಿಮ' ಎಂಬ ಉತ್ತರ. ಅಂತಿಮವಾಗಿರಲಿ, ಗುಪ್ತವೇಕೆ?

ಸ್ಕೇಟಿಂಗಿನವರು ಈ ಗುಪ್ತತೆಯ ರುಚಿಯನ್ನೂ ನೋಡಿದರು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸಿನ ಜೋಡಿಗಳ ಸ್ಪರ್ಧೆಯಲ್ಲಿ ಫ್ರಾನ್ಸಿನ ತೀರ್ಪುಗಾರ್ತಿ ತನ್ನ ಮೇಲೆ ಒತ್ತಡವಿತ್ತೆಂದು ಹೇಳಿ ಹಗರಣವೆದ್ದಿತು. ರಶಿಯದ ಜೋಡಿಗೆ ಕೊಟ್ಟ ಚಿನ್ನದ ಜೊತೆಗೆ ಕೆನಡದ ಜೋಡಿಗೂ ಚಿನ್ನ ಕೊಡಬೇಕಾಯಿತು. ಪರಿಹಾರವೆಂದು ಹಳೆಯ ಆರರ ಅಂಕವನ್ನು ತೆಗೆದು ಬಿಡಿಬಿಡಿಯಾದ ಲೆಕ್ಕವನ್ನು ತಂದರು, ಅಷ್ಟು ಒಳ್ಳೆಯದು. ಒತ್ತಡ ತಪ್ಪಿಸಲೆಂದು ಯಾವ ಅಂಕ ಯಾರದೆಂಬುದನ್ನು ಮಾತ್ರ ಮುಚ್ಚಿಟ್ಟರು. ಮುಚ್ಚಿಟ್ಟದ್ದರಿಂದ ಸಂಶಯ ಇಳಿಯಲಿಲ್ಲ, ಏರಿತು. 2016ರಲ್ಲಿ ಆ ಮುಸುಕನ್ನೂ ತೆಗೆದರು. ನಾವು ಆ ಹದಿನಾಲ್ಕು ವರ್ಷವನ್ನು ಮತ್ತೆ ಕಳೆಯಬೇಕೇ?

ಉತ್ತರಪತ್ರಿಕೆ ತಿದ್ದುವುದು ನನ್ನ ಕಸುಬಿನ ಒಂದು ಭಾಗ. ಇಂದು ಪಿ.ಯು. ವಿದ್ಯಾರ್ಥಿ ಹಣ ಕಟ್ಟಿದರೆ ತಿದ್ದಿದ ಪತ್ರಿಕೆಯ ಪ್ರತಿ ಅವನ ಕೈಗೆ ಬರುತ್ತದೆ. ನಾನು ಕೊಟ್ಟ ಅರ್ಧ ಅಂಕವನ್ನು ಅವನೂ ಅವನಪ್ಪನೂ ಕಣ್ಣಿಟ್ಟು ನೋಡುತ್ತಾರೆ. ಅದರಿಂದ ಅಧ್ಯಾಪಕರ ಮಾನ ಹೋಗಿಲ್ಲ. ಕೆಂಪು ಶಾಯಿ ತುಸು ಎಚ್ಚರದಿಂದ ಓಡುತ್ತದೆ, ಅಷ್ಟೆ. ಕಂಬ ಹತ್ತಿದ ಹುಡುಗನಿಗೆ ಈ ಹಕ್ಕು ಯಾಕಿಲ್ಲ?

ಖರ್ಚಿನ ಮಾತೂ ಅಲ್ಲ. ಹಲಗೆಯೊಂದು, ಸುಣ್ಣದ ಕಡ್ಡಿಯೊಂದು ಸಾಕು. ಪ್ರತಿಯೊಬ್ಬ ಹುಡುಗ ಇಳಿದ ಕೂಡಲೆ, ಮುಂದಿನವನು ಕಂಬಕ್ಕೆ ಎಣ್ಣೆ ಹಚ್ಚುವುದರೊಳಗೆ, ತೀರ್ಪುಗಾರರ ಹೆಸರಿನ ಮುಂದೆ ಅವರವರ ಅಂಕವನ್ನೂ ಕಡಿತದ ಕಾರಣವನ್ನೂ ಬರೆಯಲಿ: ಮೊಣಕಾಲು ಮಡಚಿದ್ದಕ್ಕೆ ಇಷ್ಟು, ಇಳಿದು ಸರಿದದ್ದಕ್ಕೆ ಇಷ್ಟು. ಬಹುಮಾನ ಕೊಟ್ಟ ಯಜಮಾನರಿಗೆ ಹಾರ ಹಾಕಿ, ವೇದಿಕೆಯ ಮೇಲೆ ದೊಡ್ಡ ಕುರ್ಚಿಯನ್ನೇ ಕೊಡಲಿ. ಪೆನ್ನು ಮಾತ್ರ ಕೊಡದಿರಲಿ. ಬರುವ ಜಾತ್ರೆಯ ಕಮಿಟಿಯವರು ಕರಪತ್ರ ಅಚ್ಚು ಹಾಕಿಸುವ ಮುಂಚೆ ಇದನ್ನೊಂದು ಸಾಲಾಗಿ ಸೇರಿಸಬಹುದು. ಹಲಗೆಯನ್ನು ಓದಿದ ಮೇಲೆಯೂ ಕೂಗುವವರು ಯಾವ ಪಟ್ಟಿನ ಲೆಕ್ಕ ತಪ್ಪಿದೆಯೆಂದು ಬೆರಳಿಟ್ಟು ತೋರಿಸಿ ಕೂಗಲಿ. ಅಂಥ ಕೂಗಿಗೆ ಪಂಚರು ಎದ್ದು ನಿಂತು ಉತ್ತರ ಕೊಡಲೇಬೇಕು.